ಹರಾಜಿಗೆ ಬಂದ ತಾಯಿ

ಪ್ಯಾರಿಸ್ ನಗರದ ನ್ಯಾಯಸೂಕ್ಷ್ಮವನ್ನು ಮೆಚ್ಚಲೇಬೇಕು. 2013ರ ಏಪ್ರಿಲ್ 12ರಂದು ಅಮೆರಿಕದ ಅರಿಜೋನ ರಾಜ್ಯದ ಮೂಲನಿವಾಸಿಗಳಾದ ಹೋಪಿ ಜನರ ಸುಮಾರು 70 ಪವಿತ್ರ ಮುಖವಾಡಗಳು ಅಲ್ಲಿ ಹರಾಜಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಹರಾಜಿಗೆ ಮುನ್ನ ನ್ಯಾಯಾಲಯ ಕೊಟ್ಟ ಕಾರಣವನ್ನು ಮಾತ್ರ ಎಷ್ಟು ಸಲ ಓದಿದರೂ ತೃಪ್ತಿಯಾಗುವುದಿಲ್ಲ. ಇವು ಸತ್ತವರ ದೇಹಗಳಲ್ಲ, ಬದುಕಿರುವವರ ಅಂಗಾಂಗಗಳೂ ಅಲ್ಲ, ಆದ್ದರಿಂದ ಮಾರಲು ಅಡ್ಡಿಯಿಲ್ಲ! ಸ್ವಲ್ಪ ತಡೆಯಿರಿ ಎಂದು ಅಮೆರಿಕದ ರಾಯಭಾರ ಕಚೇರಿ ಕೇಳಿಕೊಂಡರೂ ಸುತ್ತಿಗೆ ತಡೆಯಲಿಲ್ಲ. ಅಂದು ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂದದ್ದು, ಮಳೆ ತರುವ ಕತ್ಸಿನ ದೈವಗಳಿಗೆಲ್ಲ ತಾಯಿ ಎಂದು ಹೋಪಿಗಳು ಭಾವಿಸುವ ಕಾಗೆತಾಯಿಗೆ, 1,60,000 ಯೂರೊ. ಹೆತ್ತ ತಾಯಿಗೆ ಬೆಲೆ ಕಟ್ಟಲಾಗದು ಎಂದು ಭಾಷಣ ಮಾಡುವ ನಮ್ಮಂಥವರ ಬಾಯಿ ಮುಚ್ಚಿಸಲು ಇಷ್ಟು ಸಾಕು.

ಮುಂದಿನ ಹರಾಜುಗಳನ್ನಾದರೂ ನಿಲ್ಲಿಸಿ ಎಂದು ಹೋಪಿಗಳು ಮತ್ತೆ ಮೊರೆಯಿಟ್ಟಾಗ, ಫ್ರೆಂಚ್ ಕಾನೂನಿನ ಕಣ್ಣಿಗೆ ಹೋಪಿ ಬುಡಕಟ್ಟು ದಾವೆ ಹೂಡುವ ಅರ್ಹತೆಯುಳ್ಳ ವ್ಯಕ್ತಿಯೇ ಅಲ್ಲ ಎಂಬ ಉತ್ತರ ಬಂತು. ನಿಜಕ್ಕೂ ತಪ್ಪು ಹೋಪಿಗಳದೇ. ಕಾಲಕ್ಕೆ ಸರಿಯಾಗಿ ಒಂದು ಕಂಪನಿಯಾಗಿ ನೋಂದಣಿ ಮಾಡಿಸಿಕೊಳ್ಳುವುದನ್ನು ಬಿಟ್ಟು ಅವರು ಕುಲಗಳಾಗಿಯೇ ಉಳಿದುಬಿಟ್ಟರು. ಅಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ, ಮನೆ ಹೆಂಗಸಿನದು, ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗಿ ಅವಳ ಕುಲದ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾನೆ, ಮಕ್ಕಳಿಗೆ ಬುದ್ಧಿ ಹೇಳುವ ಕೆಲಸ ಸೋದರಮಾವನದು. ಅಳಿಯಸಂತಾನವನ್ನು ಕಂಡ ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ತಂದೆಯ ಕಡೆಯವರು ಸುಮ್ಮನಿರುವುದಿಲ್ಲ. ಹುಟ್ಟಿದ 20ನೆಯ ದಿನ ನಸುಕಿನಲ್ಲಿ ಸೋದರತ್ತೆಯರು ಬಂದು ಮಗುವಿನ ತಲೆ ತೊಳೆದು, ಒಬ್ಬೊಬ್ಬರೂ ತಮ್ಮ ಕುಲದ ಗುರುತುಳ್ಳ ಒಂದೊಂದು ಹೆಸರಿಟ್ಟು, ಆಗಷ್ಟೇ ಹುಟ್ಟುತ್ತಿರುವ ಸೂರ್ಯನಿಗೆ ಅದನ್ನು ತೋರಿಸುತ್ತಾರೆ. ಆಚರಣೆಗಳ ಹೊಣೆಯೂ ಹೀಗೆಯೇ ಕುಲಗಳ ನಡುವೆ ಹಂಚಿಹೋಗಿದೆ. ಹಾವಿನ ನೃತ್ಯ ಹಾವಿನ ಕುಲದ್ದು. ನೃತ್ಯಕ್ಕೆ ಬೇಕಾದ ಪವಿತ್ರ ವಸ್ತುಗಳನ್ನು ಯಾರೋ ಒಬ್ಬರು ಕಾಯುತ್ತಾರೆಯೇ ಹೊರತು, ಕಾಯುವವನಿಗೆ ಅದನ್ನು ಮಾರುವ ಅಧಿಕಾರವಿಲ್ಲ. ಮಾರುವ ಅಧಿಕಾರವೇ ಯಾರಿಗೂ ಇಲ್ಲದ ವಸ್ತುವಿಗೆ ರಸೀತಿ ಎಲ್ಲಿಂದ ಬರಬೇಕು? ರಸೀತಿಯಿಲ್ಲದವನು ನ್ಯಾಯಾಲಯದಲ್ಲಿ ಏನೆಂದು ನಿಲ್ಲಬೇಕು?

ಕಾಗದದ ಮಾತು ಬಂದಾಗ ಅಮೆರಿಕದ ಅಂದಿನ ಇಂಡಿಯನ್ (ಅಂದರೆ ಅಲ್ಲಿನ ಮೂಲನಿವಾಸಿಗಳ) ವ್ಯವಹಾರಗಳ ಆಯುಕ್ತ ಚಾರ್ಲ್ಸ್ ಬರ್ಕ್ ಮಹಾಶಯರನ್ನು ನೆನೆಯದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಮೂಲನಿವಾಸಿಗಳ ನೃತ್ಯಗಳನ್ನು ಹದ್ದುಬಸ್ತಿನಲ್ಲಿಡಲು 1921ರ ಏಪ್ರಿಲ್‌ನಲ್ಲಿ 1665ನೆಯ ಸುತ್ತೋಲೆಯನ್ನು ಹೊರಡಿಸಿದ ಅವರು, 1923ರಲ್ಲಿ ಮಿಷನರಿಗಳ ಸಭೆಯೊಂದರ ಶಿಫಾರಸುಗಳನ್ನು ಅದಕ್ಕೆ ಲಗತ್ತಿಸಿ ಕಳುಹಿಸಿದರು. ತಿಂಗಳಿಗೆ ಒಂದೇ ನೃತ್ಯ, ಅದೂ ವಾರದ ನಡುವಿನ ಒಂದು ದಿನ, ಹಗಲು ಹೊತ್ತಿನಲ್ಲಿ. ಮಾರ್ಚ್, ಏಪ್ರಿಲ್, ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅದೂ ಇಲ್ಲ. 50 ವರ್ಷ ತುಂಬದವರು ಕುಣಿಯಕೂಡದು, ನಿಂತು ನೋಡಲೂ ಕೂಡದು. ಕೂಡಿ ಕಳೆದರೆ ವರ್ಷಕ್ಕೆ 7 ದಿನ ಉಳಿಯುತ್ತವೆ. ಜನಗಣತಿಯ ನಮೂನೆಯನ್ನೂ ಇಷ್ಟು ಅಚ್ಚುಕಟ್ಟಾಗಿ ತಯಾರಿಸುವವರು ಸಿಗುವುದಿಲ್ಲ.

ಹೋಪಿಗಳ ಕತ್ಸಿನ ನೃತ್ಯಗಳು ಮುಕ್ತಾಯವಾಗುವುದು ಜುಲೈ ತಿಂಗಳ ನಿಮಾನ್ ಆಚರಣೆಯಲ್ಲಿ. ಕಾಲಿಗೆ ಕಟ್ಟಿದ ಆಮೆಚಿಪ್ಪಿನ ಗಿಲಕಿ ಸದ್ದು ಮಾಡುತ್ತಿದ್ದಂತೆ, ಮುಖವಾಡ ಧರಿಸಿ, ಮೈಮೇಲೆ ಹಸಿರು ಟೊಂಗೆಗಳನ್ನು ತೊಟ್ಟ ಕತ್ಸಿನರು ಊರ ನಡುವಿನ ಅಂಗಳಕ್ಕೆ ಸಾಲಾಗಿ ಬರುತ್ತಾರೆ, ಆ ವರ್ಷದ ಮೊದಲ ತೆನೆಗಳನ್ನು ಹಂಚುತ್ತಾರೆ, ಹೆಣ್ಣುಮಕ್ಕಳ ಕೈಗೆ ಮರದ ಗೊಂಬೆಯನ್ನೂ ಗಂಡುಮಕ್ಕಳಿಗೆ ಬಿಲ್ಲುಬಾಣವನ್ನೂ ಕೊಡುತ್ತಾರೆ. ಗಂಡನ ಕಡೆಯ ಗಂಡಸರು ನೇಯ್ದುಕೊಟ್ಟ ಬಿಳಿಯ ಹೊದಿಕೆಯನ್ನು ಹೊದ್ದ ಹೊಸ ಮದುಮಗಳು ಅಲ್ಲಿಗೆ ಬರುತ್ತಾಳೆ. ಮಿಷನರಿಗಳ ಪಟ್ಟಿಯ ಪ್ರಕಾರ ಈ ಮದುಮಗಳು 50 ತುಂಬುವ ತನಕ ಒಳಗೇ ಕುಳಿತಿರಬೇಕು, ಗೊಂಬೆಯ ಆಸೆಯಿರುವ ಹುಡುಗಿ ಅಜ್ಜಿಯಾದ ಮೇಲೆ ಬಂದು ಗೊಂಬೆ ತೆಗೆದುಕೊಂಡು ಹೋಗಬೇಕು. ಮಳೆಗಾಗಿ ಮಾಡುವ ಪ್ರಾರ್ಥನೆಯನ್ನು ಮಳೆಗಾಲ ಕಳೆದ ಮೇಲೆ, ಸೆಪ್ಟೆಂಬರಿನ ಯಾವುದಾದರೊಂದು ಬುಧವಾರ, ಕಚೇರಿ ವೇಳೆಯಲ್ಲಿ ಮುಗಿಸಿಕೊಳ್ಳಬಹುದು. ಮೋಡಗಳಿಗೂ ಸುತ್ತೋಲೆಯ ಒಂದು ಪ್ರತಿ ಹೋಗಿತ್ತೋ ಇಲ್ಲವೋ.

ಅದೇ 1923ರಲ್ಲಿ ಬರ್ಕ್ ಮಹಾಶಯರು ಎಲ್ಲ ಇಂಡಿಯನ್ನರಿಗೂ ಒಂದು ಪತ್ರ ಬರೆದು, ಆಚರಣೆಗಳಲ್ಲಿ ವಿಷದ ಹಾವುಗಳನ್ನು ಕೈಯಲ್ಲಿ ಹಿಡಿಯುವುದು ಸರಿಯಲ್ಲ ಎಂದು ತಿಳಿಹೇಳಿದರು. ಈ ಹಿತವಚನವನ್ನು ಅರಿಜೋನದ ಪ್ರೆಸ್ಕಾಟ್ ಪಟ್ಟಣದ ಬಿಳಿಯ ವ್ಯಾಪಾರಸ್ಥರು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಸುತ್ತೋಲೆ ಹೊರಟ 1921ರಲ್ಲೇ ಅವರು ಊರಿನ ರೋಡಿಯೊ (ಕುದುರೆ, ಗೂಳಿ ಪಳಗಿಸುವ ಪಂದ್ಯ) ಉತ್ಸವಕ್ಕೆ ದುಡ್ಡು ಕೂಡಿಸಲೆಂದು ಮೈಗೆ ಕಂದು ಬಣ್ಣ ಬಳಿದುಕೊಂಡು, ಸ್ಮೋಕೈ ಎಂಬ ಹೊಸ ಬುಡಕಟ್ಟನ್ನು ತಾವೇ ಹುಟ್ಟಿಸಿಕೊಂಡು, ಹೋಪಿಗಳ ಹಾವಿನ ನೃತ್ಯವನ್ನು ಆಡಿ ತೋರಿಸತೊಡಗಿದರು. ಹಾವುಗಳು ಮಾತ್ರ ವಿಷವಿಲ್ಲದವು; ವ್ಯಾಪಾರಸ್ಥರು ನಷ್ಟದ ಲೆಕ್ಕ ಬಲ್ಲವರು. ಹೋಪಿ ಕುಣಿದರೆ ಅದು ಕಾಲಹರಣ, ವ್ಯಾಪಾರಿ ಕುಣಿದರೆ ಊರಿನ ಅಭಿವೃದ್ಧಿ. ಮುಂದೆ 1964ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಬ್ಯಾರಿ ಗೋಲ್ಡ್‌ವಾಟರ್ ಕೂಡ ಈ ಬುಡಕಟ್ಟಿನವರೇ, ಅದರ ಗುರುತಾದ ಹಚ್ಚೆಯ ಚುಕ್ಕೆಗಳು ಅವರ ಕೈಮೇಲಿದ್ದವು. ಇವರ ತಾಯಿ ಯಾವ ಕುಲದವಳು, ಇವರಿಗೆ ಹೆಸರಿಟ್ಟ ಸೋದರತ್ತೆ ಯಾರು ಎಂದು ಯಾವ ಅಧಿಕಾರಿಯೂ ಕೇಳಲಿಲ್ಲ. 1990ರಲ್ಲಿ ಹೋಪಿಗಳು ಪ್ರೆಸ್ಕಾಟಿಗೇ ಬಂದು ಪ್ರತಿಭಟಿಸಿದ ಮೇಲಷ್ಟೇ ಈ ತಮಾಷೆ ನಿಂತಿತು. ಸುಮಾರು 70 ವರ್ಷ!

ಪ್ಯಾರಿಸ್ಸಿಗೆ ಮರಳುವುದಾದರೆ, 2013ರ ಡಿಸೆಂಬರ್‌ನಲ್ಲಿ ಅಲ್ಲಿ ಇನ್ನೊಂದು ಹರಾಜು ನಡೆದಾಗ ಅಮೆರಿಕದ ಆ್ಯನೆನ್‌ಬರ್ಗ್ ಪ್ರತಿಷ್ಠಾನವು ಗುಟ್ಟಾಗಿ ದೂರವಾಣಿಯಲ್ಲೇ ಬೆಲೆ ಕೂಗಿ 5,30,000 ಡಾಲರಿಗೆ 24 ವಸ್ತುಗಳನ್ನು ಕೊಂಡು, ಹೋಪಿಗಳಿಗೂ ಅರಿಜೋನದ ಇನ್ನೊಂದು ಬುಡಕಟ್ಟಾದ ಸ್ಯಾನ್ ಕಾರ್ಲೋಸ್ ಅಪಾಚೆಗಳಿಗೂ ಹಿಂದಿರುಗಿಸಿತು. ದೊಡ್ಡ ಮನಸ್ಸು, ಒಪ್ಪೋಣ. ಆದರೆ ಇಲ್ಲಿ ನನಗೆ ನಗು ಬರುವುದಿಲ್ಲ. ಒಂದು ಮನೆಯ ದೇವರು ಆ ಮನೆಗೆ ಮರಳಲು ದೂರದ ಶ್ರೀಮಂತರೊಬ್ಬರು ಹಣ ತೆರಬೇಕಾಯಿತು, ಆ ಹಣ ಹೋದದ್ದು ಮಾರಲು ಇಟ್ಟವರ ಜೇಬಿಗೆ. ಇಂಥ ವಸ್ತುಗಳನ್ನು ದೇಶದಾಚೆಗೆ ಸಾಗಿಸುವುದನ್ನು ತಡೆಯಲು ಅಮೆರಿಕ ಕಾನೂನು ಮಾಡಿದ್ದು 2022ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಹೋಗಬೇಕಾದದ್ದು ಎಷ್ಟು ಹೋಗಿತ್ತೋ.

ಉಳಿದದ್ದು ಕತ್ಸಿನರ ಮನೆ. ನಿಮಾನ್ ಮುಗಿಸಿ ಅವರು ಮರಳುವುದು ಅರಿಜೋನದ ಫ್ಲ್ಯಾಗ್‌ಸ್ಟಾಫ್ ನಗರದ ಬಳಿಯ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ, ಮಳೆಯ ಮೋಡಗಳಾಗಿ ಬರುವುದೂ ಅಲ್ಲಿಂದಲೇ. ಅಲ್ಲೊಂದು ಸ್ಕೀ ಜಾರುಬಂಡೆಯಿದೆ. ಹಿಮ ಸಾಲದಾದಾಗ ನಗರದ ಕೊಳಚೆ ನೀರನ್ನೇ ಶುದ್ಧೀಕರಿಸಿ ಹಿಮ ಮಾಡಿ ಸುರಿಯಲು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಅನುಮತಿಯನ್ನು ಎತ್ತಿಹಿಡಿಯಿತು. ಇದರಿಂದ ಮೂಲನಿವಾಸಿಗಳ ಭಾವನೆಗೆ ನೋವಾಗಬಹುದೇ ಹೊರತು ಧರ್ಮಾಚರಣೆಗೆ ಅಡ್ಡಿಯಿಲ್ಲ ಎಂಬುದು ಬಹುಮತದ ತಾತ್ಪರ್ಯ. 2012ರ ಡಿಸೆಂಬರ್‌ನಲ್ಲಿ ಯಂತ್ರಗಳು ಉಗುಳಿದ ಮೊದಲ ಹಿಮ ಹಳದಿ ಬಣ್ಣದ್ದಾಗಿತ್ತು. ತುಕ್ಕಿನಿಂದ ಹಾಗಾಗಿರಬೇಕು ಎಂದು ಅಲ್ಲಿನವರು ಸಮಜಾಯಿಷಿ ಕೊಟ್ಟರು. ಹೋಪಿಗಳು ಮತ್ತೊಂದು ದಾವೆ ಹೂಡಿದಾಗ, 2018ರಲ್ಲಿ ಅರಿಜೋನದ ಸರ್ವೋಚ್ಚ ನ್ಯಾಯಾಲಯ ಅವರಿಗೆ ಆಗಿರುವುದು ಉಳಿದ ಸಾರ್ವಜನಿಕರಿಗೆ ಆಗದಂಥ ವಿಶೇಷ ಹಾನಿಯೇನಲ್ಲ ಎಂದು ಹೇಳಿ ಕಡತ ಮುಚ್ಚಿತು. ಕತ್ಸಿನರ ಮನೆಯ ಮೇಲೆ ಕೊಳಚೆ ನೀರಿನ ಹಿಮ ಬಿದ್ದರೆ, ಅವರನ್ನು ಕಾಯುವ ಕುಲಕ್ಕೂ ಟಿಕೆಟ್ ಕೊಂಡು ಜಾರಲು ಬಂದ ಪ್ರವಾಸಿಗೂ ಆಗುವ ಹಾನಿ ಒಂದೇ ಅಂತೆ.