ಬೋರ್ಡ್ ಉಂಟು, ಸೈಕಲ್ ಬರುತ್ತದೆ, ದಾರಿ ಆಮೇಲೆ

ಕಾಸರಗೋಡಿಗೆ ಬಾಡಿಗೆ ಸೈಕಲ್ ಯೋಜನೆ ಬರಲೇಬೇಕು. ಪ್ಯಾರಿಸಿನಲ್ಲಿ 2007ರಿಂದ ಇದೆ. ಅಷ್ಟು ದೂರ ಯಾಕೆ, ಮೈಸೂರಿನಲ್ಲೇ 2017ರಲ್ಲಿ 450 ಸೈಕಲ್, 48 ನಿಲ್ದಾಣ ಇಟ್ಟುಕೊಂಡು ಟ್ರಿಣ್ ಟ್ರಿಣ್ ಶುರು ಮಾಡಿದರು. ನಮಗೇನು ಕಮ್ಮಿ? ಇಂಥ ಯೋಜನೆಗೆ ಬೇಕಾದದ್ದೆಲ್ಲ ನಮ್ಮಲ್ಲಿ ಉಂಟು. ರಿಬ್ಬನ್ ಉಂಟು, ಕತ್ತರಿ ಉಂಟು, ರಾತ್ರೋರಾತ್ರಿ ಫ್ಲೆಕ್ಸ್ ಮಾಡಿ ಕೊಡುವವರು ಉಂಟು. ಸೈಕಲ್ ಹೋಗಲು ದಾರಿ ಇಲ್ಲ, ಅಷ್ಟೇ. ಅದನ್ನು ಎರಡನೇ ಹಂತದಲ್ಲಿ ನೋಡಿಕೊಳ್ಳಬಹುದು.

ರಸ್ತೆಯೇ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ. ನೋಡಿದರೆ ಖುಷಿಯಾಗುತ್ತದೆ. ಸೈಕಲ್‌ನವನಿಗೆ ಅದು ನೋಡಲಿಕ್ಕೆ ಮಾತ್ರ. ಅವನ ಪಾಲಿಗೆ ಬಂದದ್ದು ಬದಿಯ ಸರ್ವಿಸ್ ರೋಡ್. ಅಲ್ಲಿ ಬಸ್ಸು ನಿಲ್ಲುತ್ತದೆ, ಮೀನಿನ ಟೆಂಪೋ ನಿಲ್ಲುತ್ತದೆ, ಆಟೋ ಎದುರಿನಿಂದಲೇ ಬರುತ್ತದೆ. ಎಲ್ಲರಿಗೂ ದಾರಿ ಬಿಟ್ಟುಕೊಟ್ಟ ಮೇಲೆ ಉಳಿಯುವುದು ಚರಂಡಿ ಮೇಲಿನ ಸ್ಲ್ಯಾಬ್.

ಆ ಸ್ಲ್ಯಾಬ್‌ಗಳನ್ನು ಒಮ್ಮೆ ಬಗ್ಗಿ ನೋಡಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸಂದು. ಸೈಕಲ್ ಟೈರ್ ಎಷ್ಟು ಅಗಲವೋ ಸಂದೂ ಅಷ್ಟೇ ಅಗಲ. ಟೈರ್ ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆ ಬರಲು ಮಾತ್ರ ಇಬ್ಬರು ಬೇಕು. ಕೆಲವು ಕಡೆ ಸ್ಲ್ಯಾಬ್ ಎತ್ತಲು ಬಿಟ್ಟ ಕಬ್ಬಿಣದ ಕೊಕ್ಕೆ ಹಾಗೇ ನಿಂತುಕೊಂಡಿದೆ, ಪೆಡಲ್‌ಗೆ ಕಾದು ಕೂತ ಹಾಗೆ. ನಮ್ಮ ಕಡೆ ಸೈಕಲ್‌ನ ಅಳತೆ ತೆಗೆದು ಕಟ್ಟಿದ ಸೌಕರ್ಯ ಅಂತ ಇದ್ದರೆ ಅದು ಇದೊಂದೇ.

ಇನ್ನು ಆಚೆ ಬದಿಗೆ ದಾಟುವ ವಿಷಯ. ಆಚೆ ಕಡೆಯ ಹೋಟೆಲ್ ಕಾಣುತ್ತದೆ, ಒಳಗೆ ಗೋಳಿಬಜೆ ಕರಿಯುವುದೂ ಕಾಣುತ್ತದೆ. ತಲುಪಲು ಅಂಡರ್‌ಪಾಸ್ ಬೇಕು. ಅಂಡರ್‌ಪಾಸ್ ಎಲ್ಲಿ ಎಂದು ಹೇಳುವ ಬೋರ್ಡ್ ಬೇಕು. ಬೋರ್ಡ್ ಇಲ್ಲ, ಆಟೋದವರಿದ್ದಾರೆ. ಕೇಳಿದರೆ, ‘ಅಯ್ಯೋ, ಅದು ಹಿಂದೆ ಹೋಯ್ತಲ್ಲ ಮಾರಾಯ್ರೆ’ ಎನ್ನುತ್ತಾರೆ. ಅಂಡರ್‌ಪಾಸ್ ಯಾವಾಗಲೂ ಹಿಂದೆಯೇ ಹೋಗಿರುತ್ತದೆ. ಅತ್ತ ಮೇಲಿನ ದೊಡ್ಡ ಹಸಿರು ಫಲಕಗಳಲ್ಲಿ ಮಂಗಳೂರು ಎಷ್ಟು ದೂರ, ಕಣ್ಣೂರು ಎಷ್ಟು ದೂರ ಎಂದು ಬರೆದಿರುತ್ತದೆ. 100ರ ವೇಗದಲ್ಲಿ ಹೋಗುವವನಿಗೆ ಮೊದಲೇ ಗೊತ್ತಿರುವ ಸಂಗತಿಯನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಹೇಳುತ್ತಾರೆ. ಸೈಕಲ್‌ನವನಿಗೆ ಓದಲು ಟೈಮ್ ಬೇಕಾದಷ್ಟು ಇದೆ. ಅವನಿಗೇ ಓದಲಿಕ್ಕೆ ಏನೂ ಇಲ್ಲ.

ಏನೂ ಇಲ್ಲ ಅಂದರೆ ತಪ್ಪಾಗುತ್ತದೆ. ಡೈವರ್ಷನ್ ಬೋರ್ಡ್ ಇದೆ. ಕೆಲಸ ಮುಗಿದರೂ ಬಾಣ ಮುಗಿದಿಲ್ಲ. ಒಂದು ಬಾಣ ಎಡಕ್ಕೆ, ಒಂದು ಬಲಕ್ಕೆ. ಲಾರಿ ತಾಗಿ ಓರೆಯಾದ ಇನ್ನೊಂದು ನೇರ ಆಕಾಶಕ್ಕೆ. ಸರ್ವಿಸ್ ರೋಡಿನಲ್ಲಿ ಸೈಕಲ್ ಹೊಡೆಯುವವನಿಗೆ ಈ ಮೂರನೆಯದು ಸತ್ಯಕ್ಕೆ ಹತ್ತಿರವಾದ ಬೋರ್ಡ್.

ಯೋಜನೆ ಅಂದರೆ ಲೆಕ್ಕ ಬೇಕಲ್ವಾ? ಲೆಕ್ಕ ಬಲ್ಲವರು ಬರೆದಿಟ್ಟಿದ್ದಾರೆ. ನಗರ ಸಾರಿಗೆಯ ಬಗ್ಗೆ ಕೆಲಸ ಮಾಡುವ ಐಟಿಡಿಪಿ ಎಂಬ ಸಂಸ್ಥೆ 2013ರಲ್ಲಿ ಹೊರತಂದ ಬಾಡಿಗೆ ಸೈಕಲ್ ಕೈಪಿಡಿಯ ಪ್ರಕಾರ ಒಂದು ಚದರ ಕಿಲೋಮೀಟರಿಗೆ 10ರಿಂದ 16 ನಿಲ್ದಾಣ ಬೇಕು, ಸಾವಿರ ಜನಕ್ಕೆ 10ರಿಂದ 30 ಸೈಕಲ್ ಬೇಕು. ಒಂದು ಕಡೆ ಸೈಕಲ್ ಸಿಗದಿದ್ದರೆ ನಾಲ್ಕು ಹೆಜ್ಜೆ ನಡೆದು ಇನ್ನೊಂದು ಕಡೆ ತೆಗೆದುಕೊಳ್ಳಬೇಕು ಎಂಬುದು ಅದರ ತರ್ಕ. ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 54 ಸಾವಿರ. ಕನಿಷ್ಠ 540 ಸೈಕಲ್ ಆಯಿತು. ನಮ್ಮ ಪದ್ಧತಿ ಬೇರೆ. ಹತ್ತು ಸೈಕಲ್ ತರುವುದು, ಒಂದೇ ಕಡೆ ಇಡುವುದು, ವೇದಿಕೆಯಲ್ಲಿ ಮೂವತ್ತು ಜನ ಕೂರುವುದು. ಆ ಮೇಲೆ ಒಬ್ಬೊಬ್ಬರೇ ಇಳಿದು ಬಂದು ಸೈಕಲ್ ಏರಿ ಫೋಟೋ ತೆಗೆಸಿಕೊಳ್ಳುವುದು. ಒಂದೇ ಸೈಕಲನ್ನು ಅಷ್ಟು ಜನ ಅಷ್ಟು ಬೇಗ ಹಂಚಿಕೊಳ್ಳುವುದನ್ನು ಪ್ಯಾರಿಸಿನವರೂ ನೋಡಿರಲಿಕ್ಕಿಲ್ಲ.

ಆ ಒಂದು ಕಡೆ ಯಾವುದು? ವಿದ್ಯಾನಗರದ ಕಲೆಕ್ಟರೇಟ್ ಗೇಟು, ಬೇರೆ ಯಾವುದು? ಅಲ್ಲಿಂದ ಪೇಟೆಗೆ ಇಳಿಜಾರು, ಪೆಡಲ್ ತುಳಿಯುವ ಕೆಲಸ ಕಮ್ಮಿ. ವಾಪಸ್ ಮಾತ್ರ ಏರು. ಬೆಳಿಗ್ಗೆ ಮೇಲಿದ್ದ ಸೈಕಲೆಲ್ಲ ಮಧ್ಯಾಹ್ನದೊಳಗೆ ಹೊಸ ಬಸ್‌ಸ್ಟ್ಯಾಂಡ್ ಸೇರುತ್ತದೆ. ಪ್ಯಾರಿಸಿನವರಿಗೂ ಇದೇ ತಲೆನೋವು ಇತ್ತು. ಗುಡ್ಡದ ಮೇಲಿನ ನಿಲ್ದಾಣಕ್ಕೆ ಸೈಕಲ್ ಮುಟ್ಟಿಸಿದವರಿಗೆ 15 ನಿಮಿಷ ಹೆಚ್ಚುವರಿ ಸವಾರಿ ಫ್ರೀ ಅಂದರು. ನಮ್ಮಲ್ಲಿ ಸೈಕಲನ್ನು ಮೇಲೆ ಸಾಗಿಸಲು ಒಂದು ಟೆಂಪೋ ಗೊತ್ತು ಮಾಡುತ್ತಾರೆ. ಡೀಸೆಲ್ ಟೆಂಪೋ. ಹಿಂದುಗಡೆ ‘ಪರಿಸರ ಉಳಿಸಿ’ ಎಂದು ಬರೆದಿರುತ್ತದೆ. ಸೈಕಲ್ ಜೊತೆಗೆ ನಾಲ್ಕು ಜನರನ್ನೂ ಹತ್ತಿಸಿಕೊಂಡರೆ ಯೋಜನೆ ಲಾಭಕ್ಕೆ ಬಂದೀತು.

1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಲವು ತುಂಟ ಹುಡುಗರು ಸೈಕಲ್‌ಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಓಡಿಸಲಿ ಎಂದು ಬೀದಿಯಲ್ಲಿ ಬಿಟ್ಟಿದ್ದರು. ಬೀಗ ಇಲ್ಲದ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧ ಎಂದು ಪೊಲೀಸರು ಎತ್ತಿಕೊಂಡು ಹೋದರು. ನಮ್ಮಲ್ಲಿ ಪೊಲೀಸರಿಗೆ ಆ ತೊಂದರೆಯೂ ಇರುವುದಿಲ್ಲ. ಮದುವೆ ಹಾಲ್‌ನ ಹೊರಗೆ ಬಿಟ್ಟ ಹೊಸ ಚಪ್ಪಲಿಯ ಹಾಗೆ ಅದು ತನ್ನಷ್ಟಕ್ಕೇ ಹಂಚಿಕೆಯಾಗುತ್ತದೆ.

ಈಗ ದಾರಿ ತೋರಿಸುವ ಬೋರ್ಡಿನ ಪ್ರಶ್ನೆ. ನಮ್ಮದು ಸಪ್ತ ಭಾಷಾ ಸಂಗಮ ಭೂಮಿ. ಏಳರಲ್ಲೂ ಬರೆದರೆ ಬೋರ್ಡ್ ತೆಂಗಿನಮರದ ಎತ್ತರ ಆಗುತ್ತದೆ. ಕಮ್ಮಿ ಮಾಡೋಣ ಅಂದರೆ ಮೊದಲು ಅಳಿಸಿ ಹೋಗುವುದು ಯಾವ ಭಾಷೆ ಎಂದು ಇಲ್ಲಿನ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಬೆಲ್ಜಿಯಂನಲ್ಲಿ ಒಂದು ಉಪಾಯ ಮಾಡಿದ್ದಾರೆ. ಲಿಂಬುರ್ಗ್ ಪ್ರಾಂತ್ಯದಲ್ಲಿ 1995ರಿಂದ ಸೈಕಲ್ ದಾರಿಗಳು ಸೇರುವ ಒಂದೊಂದು ಕೂಡುರಸ್ತೆಗೂ ಒಂದೊಂದು ನಂಬರ್. ಗಣಿಯಲ್ಲಿ ಕೆಲಸ ಮಾಡಿದ ಎಂಜಿನಿಯರ್ ಒಬ್ಬರ ಯೋಚನೆ ಅದು. ಊರಿನ ಹೆಸರು ಗೊತ್ತಿರಬೇಕಾಗಿಲ್ಲ. 12, 15, 31 ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಪಕ್ಕದ ನೆದರ್ಲೆಂಡ್ಸಿನವರೂ ಅದನ್ನೇ ಹಿಡಿದುಕೊಂಡರು.

ಒಳ್ಳೆ ಉಪಾಯವೇ. ಆದರೆ 1ನೇ ನಂಬರ್ ಯಾವ ವಾರ್ಡಿಗೆ? ಹೊಸ ಬಸ್‌ಸ್ಟ್ಯಾಂಡಿಗೆ ಕೊಟ್ಟರೆ ಹಳೇ ಬಸ್‌ಸ್ಟ್ಯಾಂಡಿನ ವ್ಯಾಪಾರಿಗಳು ಶಟರ್ ಎಳೆಯುತ್ತಾರೆ. ಇಬ್ಬರಿಗೂ ಬೇಡ, ರೈಲ್ವೆ ಸ್ಟೇಷನ್‌ಗೆ ಕೊಡೋಣ ಅಂದರೆ ಅದು ಕೇಂದ್ರದ್ದು, ನಮ್ಮ ರಸ್ತೆಗೆ ಕೇಂದ್ರದ ನಂಬರ್ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಕೊನೆಗೆ ಎಲ್ಲ ಕೂಡುರಸ್ತೆಗೂ 1 ಎಂದೇ ಬರೆಯುವುದು ಎಂದು ಸರ್ವಪಕ್ಷ ಸಭೆಯಲ್ಲಿ ಒಮ್ಮತ ಆಗಬಹುದು.

ಇಷ್ಟೆಲ್ಲ ತಲೆಬಿಸಿಯ ನಡುವೆ ಸುಮ್ನೆ ಬೆಳಿಗ್ಗೆ ಬೇಗ ಎದ್ದು ರಸ್ತೆ ಬದಿಯಲ್ಲಿ ನಿಂತು ನೋಡಿ. ಸೈಕಲ್ ಹೋಗುತ್ತಿರುತ್ತದೆ. ನಾವು ಭಾಯಿ ಅನ್ನುವ ಹುಡುಗರು, ಬಂಗಾಳದಿಂದ, ಅಸ್ಸಾಮಿನಿಂದ, ಬಿಹಾರದಿಂದ ಬಂದವರು, ಕೆಂಪುಕಲ್ಲಿನ ಕೋರೆಗೆ, ಕಾಂಕ್ರೀಟ್ ಕೆಲಸಕ್ಕೆ ಹೊರಟಿರುತ್ತಾರೆ. ಹ್ಯಾಂಡಲ್‌ನಲ್ಲಿ ಬುತ್ತಿ, ಕ್ಯಾರಿಯರ್‌ನಲ್ಲಿ ಇನ್ನೊಬ್ಬ. ಲೈನ್‌ಮನೆಯಲ್ಲಿ ಐದಾರು ಜನಕ್ಕೆ ಒಂದು ಸೈಕಲ್. ಬೆಳಗಿನ ಪಾಳಿಯವ ಬಿಟ್ಟು ಬಂದದ್ದನ್ನು ಸಂಜೆ ತರಕಾರಿಗೆ ಹೋಗುವವ ತೆಗೆದುಕೊಳ್ಳುತ್ತಾನೆ. ಆ್ಯಪ್ ಇಲ್ಲ, ಒಟಿಪಿ ಇಲ್ಲ, ಡಿಪಾಸಿಟ್ ಇಲ್ಲ. ಪಂಕ್ಚರ್ ಆದರೆ ಎಲ್ಲರೂ ಸೇರಿ ದುಡ್ಡು ಹಾಕುತ್ತಾರೆ. ಎಲ್ಲಿ ಸಂದು ಉಂಟು, ಎಲ್ಲಿ ಕೊಕ್ಕೆ ಉಂಟು, ಯಾವ ಅಂಡರ್‌ಪಾಸಿನಲ್ಲಿ ಮಳೆಗೆ ನೀರು ನಿಲ್ಲುತ್ತದೆ ಎಂದು ಅವರಿಗೆ ಬಾಯಿಪಾಠ. ಯೋಜನೆ ಮಾಡುವವರು ಇವರನ್ನು ಕೇಳಬಹುದಿತ್ತು. ಆದರೆ ಸರ್ವೆ ಮಾಡುವವರು ಬರುವುದು ಹತ್ತು ಗಂಟೆ ಮೇಲೆ, ಕಾರಿನಲ್ಲಿ. ಆಗ ಇವರೆಲ್ಲ ಕೋರೆಯಲ್ಲಿರುತ್ತಾರೆ. ‘ಈ ಭಾಗದಲ್ಲಿ ಸೈಕಲ್ ಬಳಸುವವರು ಇಲ್ಲ, ಜಾಗೃತಿ ಮೂಡಿಸಬೇಕು’ ಎಂದು ವರದಿ ಬರುತ್ತದೆ.

ಜಾಗೃತಿಗೆ ಜಾಥಾ ಆಗಬೇಕು, ಬಿಳಿ ಟೀ ಶರ್ಟ್ ಹಂಚಬೇಕು. ಉದ್ಘಾಟನೆಯ ಹಿಂದಿನ ದಿನ ಬಸ್‌ಸ್ಟ್ಯಾಂಡ್ ಗೋಡೆಗೆ ಒರಗಿಸಿಟ್ಟ ಆ ತುಕ್ಕು ಹಿಡಿದ ಸೈಕಲ್‌ಗಳನ್ನು ಮಾತ್ರ ಮರೆಯದೆ ತೆಗೆಸಬೇಕು. ಫೋಟೋಗೆ ಅಡ್ಡ ಬರುತ್ತವೆ.