ಒತ್ತಿ ನೋಡುವ ಮೇಷ್ಟ್ರು

ಗಾಡಿ ಕೆಳಗೆ ಮಲಗಿದವನಿಗೆ ಜನರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ತುಮಕೂರಿನ ನಮ್ಮ ಎಸ್.ಎಸ್. ಪುರಂ ಬೀದಿಯ ಚಪ್ಪಲಿಗಳೆಲ್ಲ ಈಗ ನನಗೆ ಪರಿಚಯ. ಹವಾಯಿ ಚಪ್ಪಲಿ ಬಂದು "ರಿಪೇರಿನಾ?" ಅನ್ನುತ್ತದೆ. ಪಾಲಿಶ್ ಹಾಕಿದ ಶೂ ಬಂದು "ಗಾಡಿ ಕೊಡ್ತೀರಾ?" ಅನ್ನುತ್ತದೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡವನು ಏನು ಹೇಳಿಯಾನು? ಹೇಳದಿದ್ದರೆ ಬಗ್ಗಿ ನೋಡುತ್ತಾರೆ. "ಏನ್ರೀ, ಹುಷಾರಾಗಿದೀರಾ?"

ನನ್ನದು 1984ರ ಪ್ರೀಮಿಯರ್ ಪದ್ಮಿನಿ ಕಾರು. ಮುಂದಿನ ಸ್ಪ್ರಿಂಗ್ ಕುಗ್ಗಿ, ಕೀಲುಗಳ ರಬ್ಬರ್ ಬುಷ್ ಸವೆದು, ಬಿ.ಎಚ್. ರಸ್ತೆಯ ಪ್ರತಿ ಹಂಪ್‌ಗೂ 'ಕಟಕ್' ಅನ್ನುತ್ತಿತ್ತು. ಅಗೆದು ಮುಚ್ಚಿದ ಜಾಗದಲ್ಲಿ ಎರಡು ಸಲ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ಕಟಕ್‌ಗೂ "ಹೂಂ" ಅನ್ನುತ್ತಿದ್ದಳು. ಆ 'ಹೂಂ' ತಡೆಯಲಾಗದೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ ಎಲ್ಲ ಬದಲಾಯಿಸಲು ಹೊರಟೆ. ಇಲ್ಲಿ ಅಂಗಡಿಯಲ್ಲಿ ಕೇಳಿದರೆ, ಹುಡುಗ ಕಂಪ್ಯೂಟರ್ ನೋಡಿ "ಪದ್ಮಿನಿ ಅಂತ ಯಾವ್ ಕಂಪ್ನಿ ಸಾರ್?" ಎಂದ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೇ ಗತಿ.

ಗ್ಯಾರೇಜಿಗೆ ಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬಿಡೋಣ, ಯಾರಿಗೆ? ಪದ್ಮಿನಿ ಮುಟ್ಟಿದವರೆಲ್ಲ ಕಣ್ಣು ಕಾಣದೆ ಅಂಗಡಿ ಮುಚ್ಚಿದ್ದಾರೆ. ಇರುವ ಹುಡುಗರು ಬಾನೆಟ್ ಎತ್ತಿದ ಕೂಡಲೇ ಫೋಟೋ ತೆಗೆಯುತ್ತಾರೆ.

ಸಲಹೆಗೇನೂ ಬರವಿಲ್ಲ. ಹಿಂದೆ ಅಂಬಾಸಡರ್ ಓಡಿಸುತ್ತಿದ್ದ ಒಬ್ಬರು "ಸುಮ್ನೆ ಯಾಕೆ ಬಿಚ್ತೀರಾ? ಟಾರ್ಷನ್ ಬಾರ್ ಸ್ವಲ್ಪ ತಿರುಗ್ಸಿ, ಮುಂದೆ ಎದ್ದೇಳ್ತದೆ" ಎಂದರು. ಇದರಲ್ಲಿ ಆ ತಿರುಚುವ ಸರಳು, ಟಾರ್ಷನ್ ಬಾರ್ ಇಲ್ಲ, ಸುರುಳಿಯ ಕಾಯಿಲ್ ಸ್ಪ್ರಿಂಗ್ ಇದೆ ಎಂದೆ. "ಇರತ್ತೆ, ನೋಡಿ" ಎಂದು ಧೈರ್ಯ ಹೇಳಿ ಹೋದರು. ಇನ್ನೊಬ್ಬರದು ದೊಡ್ಡ ಸುದ್ದಿ. "2023ರಲ್ಲಿ ಬಾಂಬೆನಲ್ಲೇ ಟ್ಯಾಕ್ಸಿ ಪದ್ಮಿನಿ ನಿಲ್ಲಿಸಿಬಿಟ್ರು. ಅದು ಹುಟ್ಟಿದ್ದೇ ಅಲ್ಲಿ, ಕುರ್ಲಾದಲ್ಲಿ. ತವರಿಗೇ ಬೇಡವಾದದ್ದು ತುಮಕೂರಿಗೆ ಯಾಕೆ?"

ಇವರನ್ನೆಲ್ಲ ಸಹಿಸಬಹುದು. ಎದುರು ಮನೆ ಮೇಷ್ಟ್ರನ್ನು ಸಹಿಸುವುದು ಕಷ್ಟ.

ಮೇಷ್ಟ್ರು ಮಾತಾಡುವುದು ಕಡಿಮೆ. ಅವರು ಒತ್ತುತ್ತಾರೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ಮುಂದಿನ ಮಡ್‌ಗಾರ್ಡ್ ಮೇಲೆ ಎರಡೂ ಕೈ ಊರಿ ಒಮ್ಮೆ ಜೋರಾಗಿ ಒತ್ತಿ ಬಿಡುತ್ತಾರೆ. ಗಾಡಿ ಕುಣಿಯುವುದು ನಿಂತ ಮೇಲೆ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಹಾಲು ತಂದು ವಾಪಸ್ ಬರುವಾಗ ಆ ಕಡೆಯ ಮಡ್‌ಗಾರ್ಡ್. ಸಂಜೆ ವಾಕಿಂಗ್‌ಗೆ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ಒತ್ತಿ ನೋಡುವುದು ಸರಿಯಾದ ಪರೀಕ್ಷೆಯೇ, ಇಲ್ಲ ಅನ್ನಲ್ಲ. ಶಾಕ್ ಚೆನ್ನಾಗಿದ್ದರೆ ಗಾಡಿ ಒಮ್ಮೆ ಎದ್ದು ಸುಮ್ಮನಾಗಬೇಕು, ಹೋಗಿದ್ದರೆ ಕುಣಿಯುತ್ತಲೇ ಇರುತ್ತದೆ. ಆದರೆ ಹೋಗಿದೆ ಅಂತ ಗೊತ್ತಾದ ಮೇಲೂ ದಿನಾ ಒತ್ತಬೇಕಾ? ಇವರನ್ನು ನೋಡಿ ಪೇಪರ್ ಹಾಕುವ ಹುಡುಗನೂ ಕಲಿತ. ತರಕಾರಿ ಗಾಡಿಯವನೂ ಒತ್ತಿ, "ಹೋಗೈತೆ ಸಾರ್" ಎಂದು ವರದಿ ಕೊಟ್ಟ.

ಕೆಲಸ ಶುರುವಾದ ದಿನ ಗಾಡಿಯ ಮುಂಭಾಗ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ನಾನು ಒಳಗೆ ಸೇರಿದ್ದೆ. ಹಾಲಿನ ಹೊತ್ತು. ಮೇಷ್ಟ್ರ ಚಪ್ಪಲಿ ಬಂದು ನಿಂತಿತು. "ಬೇಡ ಸಾರ್!" ಅನ್ನೋಣವೆಂದರೆ ಬಾಯಲ್ಲಿ ಟಾರ್ಚ್. ಒತ್ತಿದರು. ಸ್ಟ್ಯಾಂಡ್ ಗಟ್ಟಿ ಇತ್ತು, ನನ್ನ ಆಯಸ್ಸೂ ಗಟ್ಟಿ ಇತ್ತು. ಗಾಡಿ ಚೂರೂ ಅಲ್ಲಾಡಲಿಲ್ಲ. ಮೇಲೆ ಮೌನ. ಇನ್ನೊಮ್ಮೆ, ಮೈಭಾರವೆಲ್ಲ ಬಿಟ್ಟು ಒತ್ತಿದರು. ಆಮೇಲೆ ಬಗ್ಗಿ, ತಲೆಕೆಳಗಾದ ಮುಖದಲ್ಲಿ, ತುಂಬಾ ಗಂಭೀರವಾಗಿ ಹೇಳಿದರು: "ಪೂರ್ತಿ ಜಾಮ್ ಆಗಿದೆ."

ಗಾಡಿ ಸ್ಟ್ಯಾಂಡ್ ಮೇಲೆ ನಿಂತಿದೆ, ಸ್ಪ್ರಿಂಗ್ ಮೇಲೆ ಭಾರವೇ ಇಲ್ಲ, ಬೆಟ್ಟ ಒತ್ತಿದ ಹಾಗೆ ಎಂದು ಹೊರಗೆ ತೆವಳಿ ಬಂದು ವಿವರಿಸಿದೆ. ಪೂರ್ತಿ ಕೇಳಿದರು. "ಅದು ಸರಿ, ಆದ್ರೆ ನಿನ್ನೆ ಅಲ್ಲಾಡ್ತಿತ್ತಲ್ಲ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವರು!

ಸ್ಪ್ರಿಂಗ್ ಬಿಚ್ಚುವುದು ತಮಾಷೆಯಲ್ಲ. ಅದುಮಿಟ್ಟ ಕಾಯಿಲ್ ತಪ್ಪಿದರೆ ಕೈ ಮುರಿಯುತ್ತದೆ, ತಲೆಯೂ ಒಡೆಯುತ್ತದೆ. ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಹಾಕಿ ಎರಡೂ ಕಡೆ ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. "ಎಲ್ಲ ದೂರ ಹೋಗಿ, ಸ್ಪ್ರಿಂಗ್ ಹಾರಬಹುದು" ಎಂದು ಒಂದು ಮಾತು ಹೇಳಿದೆ. ಸ್ಪ್ರಿಂಗ್ ಹಾರತ್ತಂತೆ ಅಂತ ಬೀದಿ ತುದಿಯವರೆಗೂ ಸುದ್ದಿ ಹೋಗಿ, ಇಲ್ಲದವರೂ ಬಂದು ನಿಂತರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಸ್ಪ್ರಿಂಗ್ ಮರ್ಯಾದೆಯಾಗಿ ಈಚೆ ಬಂತು. "ಅಷ್ಟೇನಾ?" ಎಂದು ಯಾರೋ ಬೇಜಾರು ಮಾಡಿಕೊಂಡರು.

ಗುಂಪು ಕರಗಿದ ಮೇಲೂ ಮೇಷ್ಟ್ರು ಮಾತ್ರ ಉಳಿದರು. ಹಳೇ ಸ್ಪ್ರಿಂಗನ್ನು ಎತ್ತಿ ತೂಕ ನೋಡಿದರು. ಆ ಕಾಲದಲ್ಲಿ ಅವರೂ ಒಂದು ಪದ್ಮಿನಿಗೆ ದುಡ್ಡು ಕಟ್ಟಿದ್ದರಂತೆ. ಆಗೆಲ್ಲ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತಲ್ಲ. ಸರದಿ ಬಂದಿದೆ ಎಂಬ ಕಾಗದ ಬರುವ ಹೊತ್ತಿಗೆ ದುಡ್ಡೆಲ್ಲ ಮನೆ ಗೋಡೆಗೆ ಹೋಗಿತ್ತು. "ಗಾಡಿ ಬರ್ತದೆ ಅಂತ ಪೋರ್ಟಿಕೋ ಮೊದಲೇ ಕಟ್ಸಿದ್ದೆ" ಎಂದರು. ಆ ಪೋರ್ಟಿಕೋ ನಾನು ದಿನಾ ನೋಡುತ್ತೇನೆ. ಅಲ್ಲಿ ತೋಟದಿಂದ ಬಂದ ತೆಂಗಿನಕಾಯಿ ರಾಶಿ ಬಿದ್ದಿರುತ್ತದೆ. ಏನು ಹೇಳುವುದೋ ತೋಚದೆ ಹದಿನೇಳರ ಸ್ಪ್ಯಾನರ್ ಕೊಡಿ ಸಾರ್ ಎಂದೆ. ಹತ್ತೊಂಬತ್ತರದ್ದು ಕೊಟ್ಟರು.

ಎಲ್ಲ ಕೂರಿಸಿ, ಕಿಂಗ್ ಪಿನ್‌ಗೆ ಗ್ರೀಸ್ ತುಂಬಿ, ಗಾಡಿ ನೆಲಕ್ಕೆ ಇಳಿಸಿದೆ. ಬುಷ್ ಬೋಲ್ಟುಗಳನ್ನು ಹೀಗೆ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೊಸ ಸ್ಪ್ರಿಂಗ್ ಭಾರಕ್ಕೆ ಇನ್ನೂ ಹೊಂದಿಕೊಂಡಿರಲಿಲ್ಲ, ಗಾಡಿ ಮೂಗೆತ್ತಿಕೊಂಡು ನಿಂತಿತ್ತು. ಚಕ್ರದ ಅಲೈನ್‌ಮೆಂಟ್ ಅಂಗಡಿಗೆ ಹೊರಟಾಗ ಮೇಷ್ಟ್ರು ಕೇಳದೆಯೇ ಮುಂದಿನ ಸೀಟಿನಲ್ಲಿ ಕೂತರು. ಅಲ್ಲಿನ ಲೇಸರ್ ಯಂತ್ರದ ಪಟ್ಟಿಯಲ್ಲಿ ಪದ್ಮಿನಿ ಇಲ್ಲ. ಹುಡುಗ "ಆಲ್ಟೋ ಅಂತ ಹಾಕ್ಲಾ?" ಎಂದ. ಕೊನೆಗೆ ಅವರಪ್ಪ ಒಳಗಿನಿಂದ ನೂಲುಂಡೆ ತಂದು, ಹಿಂದಿನ ಚಕ್ರದಿಂದ ಮುಂದಕ್ಕೆ ನೂಲು ಎಳೆದು ಸರಿ ಮಾಡಿದರು.

ವಾಪಸ್ ಬರುವಾಗ ಹಂಪ್‌ಗಳ ಮೇಲೆ ಮುಂದಿನಿಂದ ಒಂದು ಸದ್ದಿಲ್ಲ. ನಾನು ಹೆಮ್ಮೆಯಿಂದ ಮೇಷ್ಟ್ರ ಕಡೆ ನೋಡಿದೆ. ಅವರು ಕತ್ತು ಹಿಂದಕ್ಕೆ ತಿರುಗಿಸಿ, ಕಿವಿ ಕೊಟ್ಟು ಕೂತಿದ್ದರು.

"ಹಿಂದೆ ಸ್ಪ್ರಿಂಗ್ ಬ್ಲೇಡ್ ಸೆಟ್ ಹೋಗಿದೆ ಅನ್ಸತ್ತೆ," ಎಂದರು. "ಬೆಳಿಗ್ಗೆ ಡಿಕ್ಕಿ ಒತ್ತಿ ನೋಡಿ ಹೇಳ್ತೀನಿ."