ಮಗುವಿನ ಹಲ್ಲು ಹುಳುಕಾದರೆ ಬೈಗುಳ ಅಮ್ಮನಿಗೆ ಮಾತ್ರ ಯಾಕೆ?

ಮೂರು ವರ್ಷದ ಮಗು ನಕ್ಕಾಗ ಮುಂದಿನ ಹಲ್ಲು ಕಪ್ಪಗೆ ಕಂಡರೆ ನಮ್ಮ ಕಡೆ ಮೊದಲ ಪ್ರಶ್ನೆ ಅಮ್ಮನಿಗೇ: "ಹಲ್ಲು ಉಜ್ಜಿಸಲ್ವೇನಮ್ಮಾ?" ಕೇಳುವವರು ಯಾರು? ಸಂತೆಯಿಂದ ಬರುವಾಗಲೆಲ್ಲ ಜೇಬು ತುಂಬ ಚಾಕ್ಲೇಟ್ ತರುವ ಮಾವ. ಅತ್ತರೆ ಬಿಸ್ಕತ್ತು ಕೈಗಿಡುವ ಅಜ್ಜಿ. ಚಿಲ್ಲರೆ ಬದಲು ಮಿಠಾಯಿ ಕೊಟ್ಟು ಕಳಿಸುವ ಅಂಗಡಿಯಣ್ಣ. ಕೊಡಗಿನ ಸಿದ್ದಾಪುರದ ಕಡೆ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತೆ. ಹಾಳು ಮಾಡಿದ್ದು ಊರೆಲ್ಲ ಸೇರಿ, ಬೈಸಿಕೊಳ್ಳೋದು ಒಬ್ಬಳು.

ಮೊದಲು ಬೆಲ್ಲದ ಕಾಫಿ. ಕೊಡಗಿನಲ್ಲಿ ಕೂತು ಅದರ ವಿರುದ್ಧ ಬರೆದರೆ ಮನೆಯಿಂದಲೇ ಆಚೆ ಹಾಕ್ತಾರೆ, ಗೊತ್ತು. ಜಡಿಮಳೆಯಲ್ಲಿ ಶುಂಠಿ, ಕರಿಮೆಣಸು ಜಜ್ಜಿ ಹಾಕಿದ ಒಂದು ಲೋಟ ಸಿಗದಿದ್ದರೆ ನನಗೂ ದಿನ ಶುರುವಾಗಲ್ಲ. ಆದರೆ ಎರಡು ವರ್ಷದ ಮಗುವಿಗೂ ಅದನ್ನೇ ಆರಿಸಿ ಕುಡಿಸಿ "ಸಕ್ಕರೆ ಅಲ್ವಲ್ಲ, ಬೆಲ್ಲ ತಾನೆ" ಅಂತೀವಲ್ಲ, ಆ ಸಮಾಧಾನ ಹಲ್ಲಿಗೆ ತಿಳಿಯಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಬೆಲ್ಲ, ಜೇನು, ಸಕ್ಕರೆ ಎಲ್ಲವೂ ಊಟವೇ. ಅದನ್ನು ತಿಂದು ಅವು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರ ಎನಾಮಲ್‌ನ ಖನಿಜವನ್ನು ಕರಗಿಸುತ್ತೆ. ಜೊಲ್ಲು ಅದನ್ನು ಸರಿಪಡಿಸೋಕೆ ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಇನ್ನೊಂದು ಗುಟುಕು, ಇನ್ನೊಂದು ಬಿಸ್ಕತ್ತು ಬಿದ್ದರೆ ಸರಿಯಾಗೋದು ಯಾವಾಗ? ಪುತ್ತರಿ ಹಬ್ಬದ ದಿನ ಸಿಹಿ ತಂಬುಟ್ಟು ಹೊಟ್ಟೆ ತುಂಬ ತಿಂದದ್ದಕ್ಕೆ ಹಲ್ಲು ಹೋಗಲ್ಲ. ದಿನವಿಡೀ ಸಿಹಿ ಚೀಪುತ್ತಾ ಇದ್ದರೆ ಹೋಗುತ್ತೆ.

ತೋಟದ ಕೂಲಿಯವರು ಇರುವ ಲೈನ್ ಮನೆಗಳ ಕಥೆ ಇನ್ನೂ ಬೇರೆ. ಬೆಳಗ್ಗೆಯೇ ಅಮ್ಮ ತೋಟಕ್ಕೆ ಹೊರಟರೆ ಚಿಕ್ಕದನ್ನು ನೋಡಿಕೊಳ್ಳೋದು ಎಂಟು ವರ್ಷದ ಅಕ್ಕ. ಮಗು ಅಳದಿರಲಿ ಅಂತ ಅವಳ ಕೈಲಿರೋದು ಸಿಹಿ ಟೀ, ಅದರಲ್ಲಿ ಅದ್ದಿದ ಬನ್ನು. ರಾತ್ರಿ ಸುಸ್ತಾದ ಅಮ್ಮ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸ್ತಾಳೆ. ನಿದ್ದೆಯಲ್ಲಿ ಜೊಲ್ಲು ಊರೋದು ಕಡಿಮೆ, ಹಾಲು ಹಲ್ಲಿನ ಸುತ್ತಲೇ ನಿಲ್ಲುತ್ತೆ. ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆ ಕಾಯುತ್ತೆ, ಮೇಲಿನ ನಾಲ್ಕಕ್ಕೆ ಯಾರೂ ಇಲ್ಲ. ಅದಕ್ಕೇ ಮೊದಲು ಹಾಳಾಗೋದು ಅವೇ. ಮೇಲ್ತುಟಿ ಎತ್ತಿ ನೋಡಿ: ವಸಡಿನ ಅಂಚಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಶುರು. ಆಗಲೇ ಎಚ್ಚೆತ್ತರೆ ಅಲ್ಲಿಗೇ ನಿಲ್ಲಿಸಬಹುದು.

"ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ." ಈ ಮಾತನ್ನು ಓದಿದವರ ಬಾಯಲ್ಲೂ ಕೇಳಿದೀನಿ. ಹಾಲುಹಲ್ಲು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೆ ಇರಬೇಕಾದವು. ಅಷ್ಟು ವರ್ಷ ಮಗು ನೋವಿಟ್ಟುಕೊಂಡು ಅಗಿಯಬೇಕಾ? ರಾತ್ರಿ ಹಲ್ಲುನೋವಿಗೆ ನಿದ್ದೆಗೆಟ್ಟ ಮಗು ನನ್ನ ಕ್ಲಾಸಲ್ಲಿ ತೂಕಡಿಸುತ್ತೆ, ನಾವು ದಡ್ಡ ಅಂತೀವಿ. ಆರು ವರ್ಷದ ಹೊತ್ತಿಗೆ ಹಲ್ಲಿನ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆಯೇ, ಒಂದು ಹೊಸ ದವಡೆ ಹಲ್ಲು ಬರುತ್ತೆ. ಅದು ಜೀವನಪೂರ್ತಿಯದು. ಅದನ್ನೂ ಹಾಲುಹಲ್ಲು ಅಂದುಕೊಂಡೇ ಕಳೆದುಕೊಳ್ಳುವವರು ಎಷ್ಟೋ.

ಉಮಿಕರಿಯಲ್ಲಿ ಉಜ್ಜಿ ನೂರು ವರ್ಷ ಬದುಕಿದ ಅಜ್ಜಂದಿರ ಕಥೆ ಕಾಮೆಂಟಿನಲ್ಲಿ ಬರುತ್ತೆ, ಬರಲಿ. ಆ ಅಜ್ಜಂದಿರ ಬಾಲ್ಯದಲ್ಲಿ ಒಂದು ರೂಪಾಯಿಗೆ ಮಿಠಾಯಿ ಪ್ಯಾಕೆಟ್ ಅಂಗಡಿ ಮುಂದೆ ತೂಗಾಡುತ್ತಿರಲಿಲ್ಲ. ಇವತ್ತಿನ ಮಕ್ಕಳಿಗೆ ಫ್ಲೋರೈಡ್ ಇರುವ ಪೇಸ್ಟೇ ಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಜಾಹೀರಾತಿನ ಹಾಗೆ ಬ್ರಶ್ ತುಂಬ ಅಲ್ಲ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು, ಮುಖ್ಯವಾಗಿ ಮಲಗುವ ಮುಂಚೆ. ಅಪ್ಪಂದಿರೂ ಉಜ್ಜಿಸಬಹುದು. ಮೊಲೆಯೂಡಿಸುವ ಕೆಲಸವೇನಲ್ಲ ಅದು.

ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇರುವ ಜಿಲ್ಲೆ ನಮ್ಮದು. ಹಲ್ಲಿನ ಕ್ಯಾಂಪ್ ಅಂದರೆ ನಮಗೆ ಹೊಸದಲ್ಲ. ನನ್ನ ತಕರಾರು ಕ್ಯಾಂಪಿನ ಹೊತ್ತಿನ ಬಗ್ಗೆ. ಕಾಫಿ ಕುಯ್ಲಿನ ಸಮಯದಲ್ಲಿ, ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದರೆ ಕೂಲಿ ಬಿಟ್ಟು ಯಾವ ಅಮ್ಮ ಬರ್ತಾಳೆ? ಬರದಿದ್ದರೆ "ಇವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ" ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ಮಾತು. ರಜೆಯ ದಿನ ಸಂಜೆ ಲೈನ್ ಪಕ್ಕದಲ್ಲೇ ನಾಲ್ಕು ಕುರ್ಚಿ ಹಾಕಿಸಿ ನೋಡಿ. ತೋಟದ ಮಾಲೀಕರು ಒಂದು ಜೀಪು ಕಳಿಸಿದರೆ ಸಾಕು, ಡಾಕ್ಟರನ್ನು ಒಪ್ಪಿಸುವ ಕೆಲಸ ನನಗೆ ಬಿಡಿ.